ರಕ್ತದಿಂದ ಬ್ಯಾಕ್ಟೀರಿಯಕ್ಕೆ: ಕೀಮೋಕೈನ್‌ಗಳ ಚರಿತ್ರೆಯ ಒಂದು ಅಧ್ಯಾಯ

ಸೋಂಕು ತಗುಲಿದ ಜಾಗಕ್ಕೆ ಬಿಳಿ ರಕ್ತಕಣಗಳು ಹೇಗೆ ದಾರಿ ಕಂಡುಕೊಳ್ಳುತ್ತವೆ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. ಕಣ್ಣಿನ ಕಾರ್ನಿಯಾದ ಉರಿಯೂತವನ್ನು ಅಭ್ಯಸಿಸಿದ ಜರ್ಮನಿಯ ನೇತ್ರತಜ್ಞ ಥಿಯೊಡೋರ್ ಲೇಬರ್, ಈ ಕಣಗಳು ರಾಸಾಯನಿಕವೊಂದರ ಸೆಳೆತಕ್ಕೆ ಒಳಗಾಗಿ ಅದರತ್ತ ಸರಿಯುತ್ತವೆ ಎಂದು 1888ರಲ್ಲಿ ಪ್ರತಿಪಾದಿಸಿದನು. ಆ ಸೆಳೆತವನ್ನು ಅಳೆಯುವ ಸುಲಭ ಸಾಧನ ದೊರೆತದ್ದು 1962ರಲ್ಲಿ. ಸ್ಟೀಫನ್ ಬಾಯ್ಡನ್ ರೂಪಿಸಿದ ಉಪಕರಣದಲ್ಲಿ ಸೂಕ್ಷ್ಮ ರಂಧ್ರಗಳ ಸೋಸುಪೊರೆಯ ಮೇಲ್ಗಡೆ ಜೀವಕೋಶಗಳನ್ನೂ ಕೆಳಗಡೆ ಪರೀಕ್ಷಿಸಬೇಕಾದ ದ್ರವವನ್ನೂ ಇರಿಸಿ, ಪೊರೆಯಲ್ಲಿ ನುಸುಳಿ ಬಂದ ಕೋಶಗಳನ್ನು ಎಣಿಸಲಾಗುತ್ತಿತ್ತು.

ಸಾಧನವಿದ್ದರೂ ರಕ್ತಕೋಶಗಳು ಹೊರಡಿಸುವ ಸೆಳೆಯುವ ಪ್ರೋಟೀನು ಶುದ್ಧರೂಪದಲ್ಲಿ ಸಿಗಲು ಕಾಲ ಹಿಡಿಯಿತು. 1987ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಯೋಶಿಮುರಾ ಮತ್ತು ಮತ್ಸುಶಿಮಾ ಅವರ ತಂಡ, ಮತ್ತು ಬರ್ನ್ ಹಾಗೂ ಕೀಲ್ ನಗರಗಳ ತಂಡಗಳು ಬೇರೆಬೇರೆಯಾಗಿ, ನ್ಯೂಟ್ರೊಫಿಲ್ ಎಂಬ ಬಿಳಿ ಕಣವನ್ನು ಸೆಳೆಯುವ ಒಂದೇ ಪ್ರೋಟೀನನ್ನು ರಕ್ತಕೋಶಗಳಿಂದ ಬೇರ್ಪಡಿಸಿದವು. ಮೂರು ಕಡೆ ಮೂರು ಹೆಸರು ಪಡೆದ ಈ ಪ್ರೋಟೀನು ಕೊನೆಗೆ ಇಂಟರ್‌ಲ್ಯೂಕಿನ್-8 ಎಂದು ನೆಲೆನಿಂತಿತು. ಇಂಥ ಸೆಳೆಯುವ ಪುಟ್ಟ ಪ್ರೋಟೀನುಗಳ ಕುಟುಂಬಕ್ಕೆ ಕೀಮೋಕೈನ್ ಎಂಬ ಹೆಸರು ಬಂದದ್ದು 1992ರಲ್ಲಿ.

ಮಾನವ ರಕ್ತದಿಂದ ದೊರೆಯುತ್ತಿದ್ದ ಪ್ರಮಾಣ ಅತ್ಯಲ್ಪವಾದ್ದರಿಂದ, ಇದರ ವಂಶವಾಹಿಯನ್ನು ಇ. ಕೋಲೈ ಬ್ಯಾಕ್ಟೀರಿಯದೊಳಗೆ ಸೇರಿಸಿ ಪ್ರೋಟೀನನ್ನು ಅಲ್ಲೇ ತಯಾರಿಸಿಕೊಳ್ಳುವ ಕ್ರಮ 1988ರಲ್ಲೇ ಕೈಗೂಡಿತು. ಹೀಗೆ ಒಂದು ಜೀವಿಯ ವಂಶವಾಹಿಯನ್ನು ಮತ್ತೊಂದರಲ್ಲಿ ದುಡಿಸಿ ಪಡೆದದ್ದೇ ಪುನಃಸಂಯೋಜಿತ ಪ್ರೋಟೀನು. ಬ್ಯಾಕ್ಟೀರಿಯ ಅಗ್ಗದ ಕೆಲಸಗಾರ, ಆದರೆ ಕೊಳೆ ಬಿಟ್ಟುಹೋಗುವ ಕೆಲಸಗಾರ. ಅದರ ಹೊರಪೊರೆಯ ಲಿಪೊಪಾಲಿಸ್ಯಾಕರೈಡ್ ಎಂಬ ವಿಷಾಂಶ ಉತ್ಪನ್ನದಲ್ಲಿ ಎಳ್ಳಷ್ಟು ಉಳಿದರೂ ಕೃಷಿ ಮಾಡಿದ ಕೋಶಗಳು ಕೆರಳುತ್ತವೆ. 1987ರಲ್ಲಿ ರಕ್ತಕೋಶಗಳಿಂದ ಇಂಟರ್‌ಲ್ಯೂಕಿನ್-8 ಹೊರಡಿಸಲು ಬಳಸಿದ ಪ್ರಚೋದಕವೂ ಇದೇ ವಿಷಾಂಶವಾಗಿತ್ತು ಎಂಬುದನ್ನು ನೆನೆದರೆ, ಅದನ್ನು ನಿವಾರಿಸದ ಪ್ರಯೋಗದ ಫಲಿತಾಂಶಕ್ಕೆ ಬೆಲೆಯಿಲ್ಲವೆಂಬುದು ತಾನಾಗಿ ತಿಳಿಯುತ್ತದೆ. ಹಾರ್ಸ್‌ಶೂ ಏಡಿಯ ರಕ್ತಕಣಗಳ ಸಾರದಿಂದ ಈ ವಿಷಾಂಶವನ್ನು ಪತ್ತೆಹಚ್ಚುವ ಪರೀಕ್ಷೆ ಕೋಶಕೃಷಿಗೆ ಬಳಸುವ ಪ್ರೋಟೀನುಗಳ ತಯಾರಿಕೆಯಲ್ಲಿ ಬೇರೂರಿದ್ದು ಈ ಕಾರಣದಿಂದ.

ಬ್ಯಾಕ್ಟೀರಿಯದ ಮತ್ತೊಂದು ಗುಣ ಹೆಚ್ಚು ಕುತೂಹಲಕರವಾದುದು. ಅದು ಪ್ರೋಟೀನು ಕಟ್ಟಲು ತೊಡಗುವುದೇ ಮೆಥಿಯೊನಿನ್ ಎಂಬ ಅಮೈನೊ ಆಮ್ಲದಿಂದ, ಮತ್ತು ಕೆಲವೊಮ್ಮೆ ಆ ಮೊದಲ ಕೊಂಡಿ ಕಳಚದೆ ಉಳಿಯುತ್ತದೆ. ಆ ಕೊಂಡಿ ಎಷ್ಟು ಮುಖ್ಯವೆಂಬುದು ಮತ್ತೊಂದು ಕೀಮೋಕೈನಿನಲ್ಲಿ ಬಯಲಾಯಿತು. ರಾಂಟೀಸ್ ಎಂಬ ಕೀಮೋಕೈನ್ ಮತ್ತು ಅದರ ಇಬ್ಬರು ಬಂಧುಗಳು ಎಚ್‌ಐವಿ ಸೋಂಕನ್ನು ತಡೆಯುತ್ತವೆಂದು 1995ರಲ್ಲಿ ಗ್ಯಾಲೊ ಮತ್ತು ಲುಸ್ಸೊ ಅವರ ತಂಡ ತೋರಿಸಿದ ಬಳಿಕ ಇಡೀ ಕ್ಷೇತ್ರಕ್ಕೆ ವೇಗ ಬಂದಿತ್ತು. 1996ರಲ್ಲಿ ಜಿನೀವಾದ ಸಂಶೋಧಕರು ರಾಂಟೀಸಿನ ತುದಿಯಲ್ಲಿ ಆ ಒಂದೇ ಮೆಥಿಯೊನಿನ್ ಉಳಿದರೆ ಪ್ರೋಟೀನು ಕೋಶದ ಮೇಲಿನ ಗ್ರಾಹಕಕ್ಕೆ ಅಂಟಿಕೊಂಡರೂ ಕೋಶವನ್ನು ಚಾಲನೆಗೊಳಿಸದೆ ಅದರ ದಾರಿಗೆ ಅಡ್ಡವಾಗುತ್ತದೆಂದು ಕಂಡುಕೊಂಡರು. ತಯಾರಿಕೆಯ ಲೋಪವೆಂದು ತಳ್ಳಿಹಾಕಬಹುದಾಗಿದ್ದ ಅಂಶವೇ ಕೀಮೋಕೈನ್ ಗ್ರಾಹಕಗಳನ್ನು ತಡೆಯಬಹುದೆಂಬುದಕ್ಕೆ ಸಾಕ್ಷಿಯಾಯಿತು. ಇಂಥ ಗ್ರಾಹಕಗಳಲ್ಲೊಂದಾದ, ಎಚ್‌ಐವಿ ಬಳಸುವ ಸಿಸಿಆರ್5 ಅನ್ನು ಮುಚ್ಚುವ ಮಾರಾವಿರಾಕ್ ಎಂಬ ಔಷಧಿಗೆ 2007ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು.