ಅರವತ್ತಾರರ ಧೂಳು

ನನ್ನ ನೌಕರಿಯ ಬಹುಭಾಗ ಕಳೆದದ್ದು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ, ಶಿರಾ, ಹಿರಿಯೂರು, ಚಿತ್ರದುರ್ಗಗಳ ನಡುವೆ. ಲೋಕೋಪಯೋಗಿ ಇಲಾಖೆಯಲ್ಲಿ ಜಲ್ಲಿ, ಮೊರಂ, ಡಾಂಬರು ಎನ್ನುತ್ತಲೇ ತಲೆ ನರೆಯಿತು. ನಿವೃತ್ತನಾದ ಮೇಲೆ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವಳು, “ಅಪ್ಪಾ, ಇಲ್ಲಿ ಒಂದು ಹೆದ್ದಾರಿಗೋಸ್ಕರವೇ ಪಾರ್ಕು ಮಾಡಿದಾರೆ, ನೋಡ್ತೀರಾ?” ಎಂದದ್ದೇ ತಡ, ಚಪ್ಪಲಿ ಮೆಟ್ಟಿ ಹೊರಟೆ.

ನಗರದಿಂದ ನೈರುತ್ಯಕ್ಕೆ ಸುಮಾರು ಹದಿನೇಳು ಮೈಲಿ. ಮೆರಮೆಕ್ ಎಂಬ ನದಿಯ ಎರಡು ದಂಡೆಗಳಲ್ಲಿ ಹಬ್ಬಿಕೊಂಡಿರುವ 419 ಎಕರೆ ಜಾಗ. ಹೆಸರು ರೂಟ್ 66 ಸ್ಟೇಟ್ ಪಾರ್ಕ್, ನೋಡಿಕೊಳ್ಳುವುದು ಮಿಸೌರಿ ರಾಜ್ಯ. ಒಂದು ರಸ್ತೆಯ ನೆನಪಿಗೆಂದು ಸರ್ಕಾರ ಇಷ್ಟು ನೆಲ ಬಿಟ್ಟುಕೊಟ್ಟಿದೆಯಲ್ಲ ಎಂಬ ಸಂತೋಷದಲ್ಲೇ ಒಳಗೆ ಹೋದೆ. ಆ ನೆಲ ಹೇಗೆ ಖಾಲಿಯಾಯಿತು ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿದದ್ದು.

ಮೊದಲು ರಸ್ತೆಯ ಕತೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಮೋಟಾರು ಕಾರುಗಳು ಲಕ್ಷಗಟ್ಟಲೆ ಬಂದಿದ್ದವು, ಅವುಗಳಿಗೆ ತಕ್ಕ ರಸ್ತೆ ಇರಲಿಲ್ಲ. ಒಂದೊಂದು ದಾರಿಯನ್ನು ಒಂದೊಂದು ಸಂಘ ತನಗೆ ತೋಚಿದ ಹೆಸರಿಟ್ಟು, ಕಂಬಗಳಿಗೆ ತನ್ನ ಬಣ್ಣ ಬಳಿದು ನಡೆಸುತ್ತಿತ್ತು. ಈ ಗೊಂದಲ ಬಿಡಿಸಿ ದೇಶಕ್ಕೆಲ್ಲ ಒಂದೇ ರೀತಿಯ ಸಂಖ್ಯೆಗಳನ್ನು ಕೊಡುವ ಕೆಲಸಕ್ಕೆ ಕುಳಿತವರಲ್ಲಿ ಒಕ್ಲಹೋಮದ ಟಲ್ಸಾ ಪಟ್ಟಣದ ಸೈರಸ್ ಏವರಿಯೂ ಒಬ್ಬ. ಷಿಕಾಗೋದಿಂದ ಲಾಸ್ ಏಂಜಲೀಸ್‌ಗೆ ಹೋಗುವ ದಾರಿ ತನ್ನ ಊರಿನ ಮೇಲೆ ಹಾದುಹೋಗಬೇಕೆಂದು ಹಟ ಹಿಡಿದು ಸಾಧಿಸಿದ. ಅದಕ್ಕೆ 60 ಎಂಬ ಸಂಖ್ಯೆ ಬೇಕೆಂದು ಕೇಳಿದ್ದ. ಕೆಂಟಕಿಯ ಗವರ್ನರ್ ಒಪ್ಪಲಿಲ್ಲ. ಜಗಳ ತಿಂಗಳುಗಟ್ಟಲೆ ನಡೆದು, ಕೊನೆಗೆ 1926ರ ಏಪ್ರಿಲ್ 30ರಂದು ಮಿಸೌರಿಯದೇ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಿಂದ ಒಂದು ತಂತಿ ಹೋಯಿತು: 66 ಆದರೂ ಸರಿ. ಅದೇ ವರ್ಷ ನವೆಂಬರ್ 11ಕ್ಕೆ ಮಂಜೂರಾತಿ ಸಿಕ್ಕಿತು. ಎಂಟು ರಾಜ್ಯಗಳು, 2,448 ಮೈಲಿ.

ಮಂಜೂರಾದಾಗ ಅದರಲ್ಲಿ ಮೂರನೇ ಒಂದು ಪಾಲಿಗೂ ಡಾಂಬರು, ಕಾಂಕ್ರೀಟು ಬಿದ್ದಿರಲಿಲ್ಲ. ಉಳಿದದ್ದು ಜಲ್ಲಿ ಹಾಸು, ಬರೀ ಮಣ್ಣು, ಕೆಲವೆಡೆ ಮರದ ಹಲಗೆ. ಉದ್ದಕ್ಕೂ ಗಟ್ಟಿ ಮೇಲ್ಮೈ ಬಂದದ್ದು 1938ಕ್ಕೆ. ಅಷ್ಟರಲ್ಲಿ ಆ ದಾರಿ ತುಂಬ ಜನ ಹರಿದುಹೋಗಿದ್ದರು. ಒಕ್ಲಹೋಮ, ಕ್ಯಾನ್ಸಸ್, ಟೆಕ್ಸಸ್‌ಗಳ ಬಯಲು ಸೀಮೆಯಲ್ಲಿ ಮೇಲಿಂದ ಮೇಲೆ ಬರ ಬಿದ್ದು, ಹುಲ್ಲು ಕಿತ್ತು ಉತ್ತ ಹೊಲಗಳ ಮೇಲ್ಮಣ್ಣೆಲ್ಲ ಗಾಳಿಗೆ ಎದ್ದು, ಹಗಲಲ್ಲೇ ಕತ್ತಲು ಕವಿಯುತ್ತಿದ್ದ ಕಾಲ ಅದು. ಧೂಳಿನಿಂದ ತಪ್ಪಿಸಿಕೊಂಡ ರೈತರು ಹಾಸಿಗೆ, ಪಾತ್ರೆ, ಮಕ್ಕಳನ್ನು ಹಳೆಯ ಕಾರುಗಳ ಮೇಲೆ ಹೇರಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟದ್ದು ಇದೇ ರಸ್ತೆಯಲ್ಲಿ. ಜಾನ್ ಸ್ಟೈನ್‌ಬೆಕ್ 1939ರ ತನ್ನ ಕಾದಂಬರಿಯಲ್ಲಿ ಈ ರಸ್ತೆಯನ್ನು ‘ತಾಯಿ ರಸ್ತೆ’ ಎಂದು ಕರೆದ. ಆ ಹೆಸರೇ ಇವತ್ತಿಗೂ ಅಂಟಿಕೊಂಡಿದೆ.

ಪಾರ್ಕಿನ ಸಂದರ್ಶಕರ ಕೇಂದ್ರ ಇರುವುದು 1935ರಲ್ಲಿ ಕಟ್ಟಿದ ಬ್ರಿಜ್‌ಹೆಡ್ ಇನ್ ಎಂಬ ಹಳೆಯ ಕಟ್ಟಡದಲ್ಲಿ. ಸೇತುವೆಯ ತಲೆಯಲ್ಲಿ ನಿಂತ ಊಟ-ಕುಡಿತದ ತಂಗುದಾಣ. ಒಳಗೆ ಹಳೆಯ ನಾಮಫಲಕಗಳು, ಪೆಟ್ರೋಲ್ ಬಂಕಿನ ಸಾಮಾನು, ಮೋಟೆಲುಗಳ ನೆನಪಿನ ಸರಕು. ಮಕ್ಕಳು ಕುಣಿದಾಡುತ್ತಾರೆ, ವಯಸ್ಸಾದ ಅಮೆರಿಕನ್ನರು ಒಂದೊಂದು ಫೋಟೋದ ಮುಂದೆಯೂ ಹೊತ್ತು ಕಳೆಯುತ್ತಾರೆ. ರಸ್ತೆ ಜನರ ಮನಸ್ಸಿನಲ್ಲಿ ಹೀಗೆ ಉಳಿದದ್ದು ಕಂಡಾಗ ರಸ್ತೆ ಕೆಲಸ ಮಾಡಿದವನಿಗೆ ಆಗುವ ಸಂತೋಷ ಬೇರೆ.

ಆದರೆ ಆ ಸಂಭ್ರಮ ಎಲ್ಲರ ಪಾಲಿಗೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ಕಪ್ಪು ಜನ ಆ ದಾರಿಯಲ್ಲಿ ಹೊರಟರೆ ಎಷ್ಟೋ ಮೋಟೆಲುಗಳಲ್ಲಿ ಕೋಣೆ ಸಿಗುತ್ತಿರಲಿಲ್ಲ, ಹೊತ್ತು ಮುಳುಗಿದ ಮೇಲೆ ಅವರು ಕಾಲಿಡುವಂತಿಲ್ಲದ ಊರುಗಳೂ ಇದ್ದವು. ನ್ಯೂಯಾರ್ಕಿನ ಅಂಚೆ ನೌಕರ ವಿಕ್ಟರ್ ಗ್ರೀನ್ 1936ರಿಂದ ಒಂದು ಕೈಪಿಡಿ ಅಚ್ಚು ಹಾಕಿಸತೊಡಗಿದ್ದು ಅದಕ್ಕಾಗಿಯೇ: ಯಾವ ಊರಿನಲ್ಲಿ ಯಾರ ಮನೆಯಲ್ಲಿ ಮಲಗಲು ಜಾಗ, ಎಲ್ಲಿ ಊಟ, ಯಾವ ಬಂಕಿನಲ್ಲಿ ಪೆಟ್ರೋಲು. ಕಾಲ ಎಷ್ಟು ಬದಲಾಯಿತೆಂದರೆ, ಮುಂದೆ ಇದೇ ದಾರಿಯ ಎಷ್ಟೋ ಮೋಟೆಲುಗಳನ್ನು ಕೊಂಡು, ಸಂಸಾರವೆಲ್ಲ ಸೇರಿ ದುಡಿದು ನಡೆಸಿದವರು ನಮ್ಮ ದೇಶದಿಂದ ಹೋದ ಗುಜರಾತಿಗಳು.

ಇನ್ನು ನದಿಯ ಆಚೆ ದಡದ ಕತೆ. ಅಲ್ಲಿ ಟೈಮ್ಸ್ ಬೀಚ್ ಎಂಬ ಊರಿತ್ತು. ಊರನ್ನು ಹುಟ್ಟಿಸಿದ್ದು ಒಂದು ಪತ್ರಿಕೆ. 1925ರಲ್ಲಿ ಸೇಂಟ್ ಲೂಯಿಸ್‌ನ ‘ಟೈಮ್ಸ್’ ಪತ್ರಿಕೆ ಚಂದಾದಾರರನ್ನು ಹೆಚ್ಚಿಸಿಕೊಳ್ಳಲು ಒಂದು ಯೋಜನೆ ಹಾಕಿತು: ಅರವತ್ತೇಳೂವರೆ ಡಾಲರು ಕೊಟ್ಟವರಿಗೆ ನದಿದಂಡೆಯಲ್ಲಿ 20 ಅಡಿ ಅಗಲ, 100 ಅಡಿ ಉದ್ದದ ನಿವೇಶನ, ಜೊತೆಗೆ ಆರು ತಿಂಗಳ ಪತ್ರಿಕೆ. ನಮ್ಮ ಮೂವತ್ತು–ನಲವತ್ತರ ಸೈಟಿಗಿಂತ ದೊಡ್ಡದೇ, ಅಗಲ ಮಾತ್ರ ಕಡಿಮೆ. ಬೇಸಿಗೆಯಲ್ಲಿ ಬಂದು ಈಜಾಡಿ ಹೋಗಲೆಂದು ಪಟ್ಟಣದವರು ಕೊಂಡರು. ಹೊಳೆ ಉಕ್ಕಿದರೆ ನೀರು ನುಗ್ಗುವ ತಗ್ಗು ಜಾಗವಾದ್ದರಿಂದ ಮನೆಗಳನ್ನು ಕಂಬಗಳ ಮೇಲೆ ಎತ್ತಿ ಕಟ್ಟಿದ್ದರು. ಆಮೇಲೆ ಮಹಾ ಆರ್ಥಿಕ ಕುಸಿತ ಬಂತು, ಯುದ್ಧ ಬಂತು, ಪೆಟ್ರೋಲಿಗೆ ರೇಷನ್ ಬಂತು. ಬೇಸಿಗೆಯ ಬಿಡಾರಗಳಲ್ಲಿ ಬಡವರು ವರ್ಷವಿಡೀ ನೆಲೆಸಿದರು. 1932ರಲ್ಲಿ ಮೆರಮೆಕ್ ಮೇಲೆ ಸೇತುವೆಯಾಗಿ 66ನೇ ಹೆದ್ದಾರಿ ಊರಿನ ಪಕ್ಕದಲ್ಲೇ ಹಾಯ್ದದ್ದರಿಂದ ವ್ಯಾಪಾರವೂ ಕುದುರಿತು. 1980ರ ಹೊತ್ತಿಗೆ ಅದು ಎರಡು ಸಾವಿರ ಜನರ, ಕೂಲಿನಾಲಿ ಮಾಡಿ ಬದುಕುವವರ ಊರು.

ಹೆದ್ದಾರಿಗೆ ಕಾಂಕ್ರೀಟು ಬಿತ್ತು. ಊರೊಳಗಿನ ಸುಮಾರು 23 ಮೈಲಿ ಬೀದಿಗಳು ಮಣ್ಣಿನವೇ ಆಗಿ ಉಳಿದವು. ಡಾಂಬರು ಹಾಕಿಸಲು ಪುರಸಭೆಯ ಹತ್ತಿರ ಹಣವಿಲ್ಲ. ಬೇಸಿಗೆಯಲ್ಲಿ ಮೊಣಕಾಲೆತ್ತರದ ಧೂಳು ಏಳುತ್ತದೆ. ಆಗ ರಸೆಲ್ ಬ್ಲಿಸ್ ಎಂಬ ಗುತ್ತಿಗೆದಾರ ಬಂದ. ಗ್ಯಾರೇಜುಗಳಿಂದ, ಕಾರ್ಖಾನೆಗಳಿಂದ ಬಳಸಿ ಬಿಟ್ಟ ಎಣ್ಣೆ ಸಂಗ್ರಹಿಸಿ ಮಾರುವುದು ಅವನ ಕಸುಬು. 1972ರಿಂದ 1976ರವರೆಗೆ ಬೇಸಿಗೆಗಳಲ್ಲಿ ಅವನ ಟ್ಯಾಂಕರು ಊರಿನ ಬೀದಿಗಳಿಗೆ ಆ ಎಣ್ಣೆ ಸಿಂಪಡಿಸಿತು.

ಪುರಸಭೆಯವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹಿರಿಯೂರು ಕಡೆ ರಸ್ತೆ ಅಗಲ ಮಾಡುವಾಗ ಧೂಳಿಗೆ ಜನ ಬಂದು ಎದುರು ನಿಲ್ಲುತ್ತಿದ್ದುದನ್ನು ಕಂಡವನು ನಾನು. ಟ್ಯಾಂಕರಿನಲ್ಲಿ ನೀರು ಚಿಮುಕಿಸಿದರೆ ಮಧ್ಯಾಹ್ನದೊಳಗೆ ಆರಿ ಮತ್ತೆ ಧೂಳು. ಎಣ್ಣೆಯಾದರೆ ಮಣ್ಣಿನ ಕಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ವಾರಗಟ್ಟಲೆ ಧೂಳು ಏಳುವುದಿಲ್ಲ, ಖರ್ಚೂ ಕಡಿಮೆ. ಅಮೆರಿಕದ ಹಳ್ಳಿಗಳಲ್ಲಿ ಅದು ರೂಢಿಯಾಗಿದ್ದ ಕ್ರಮವೇ. ನನ್ನ ಕೈಯಲ್ಲಿ ಅಷ್ಟೇ ಹಣವಿದ್ದು, ಯಾರಾದರೂ ಕಡಿಮೆ ದರಕ್ಕೆ ಮಾಡಿಕೊಡುತ್ತೇನೆಂದು ಬಂದಿದ್ದರೆ ನಾನೂ ಸಹಿ ಹಾಕುತ್ತಿದ್ದೆ.

ಕೆಟ್ಟದ್ದು ಇದ್ದದ್ದು ಟ್ಯಾಂಕಿನೊಳಗೆ. ಮಿಸೌರಿಯ ವೆರೋನಾದಲ್ಲಿ ನೆಪ್ಯಾಕೋ ಎಂಬ ಕಂಪನಿ ಹೆಕ್ಸಾಕ್ಲೋರೋಫೀನ್ ಎಂಬ ರೋಗಾಣುನಾಶಕ ತಯಾರಿಸುತ್ತಿತ್ತು. ಅದು ನಡೆಯುತ್ತಿದ್ದುದು ವಿಯೆಟ್ನಾಂ ಯುದ್ಧಕ್ಕೆ ಏಜೆಂಟ್ ಆರೆಂಜ್ ಎಂಬ ಕಳೆನಾಶಕ ತಯಾರಾಗಿದ್ದ ಕಾರ್ಖಾನೆಯ ಆವರಣದಲ್ಲೇ. ತಳದಲ್ಲಿ ಉಳಿಯುವ ಗಸಿಯಲ್ಲಿ ಡಯಾಕ್ಸಿನ್ ಎಂಬ ವಿಷ ಸೇರಿಕೊಂಡಿತ್ತು. ಆ ಗಸಿಯನ್ನು ಸಾಗಿಸಲು ಒಬ್ಬರಿಗೆ ಗುತ್ತಿಗೆ, ಅವರಿಂದ ಬ್ಲಿಸ್‌ಗೆ ಉಪಗುತ್ತಿಗೆ. 1971ರಲ್ಲಿ ಅವನು ಅದನ್ನು ಬಳಸಿದ ಎಣ್ಣೆಯೊಂದಿಗೆ ಬೆರೆಸಿ ಮೊದಲು ಚೆಲ್ಲಿದ್ದು ಕುದುರೆ ಓಡಿಸುವ ಕಣಗಳಲ್ಲಿ, ಅಲ್ಲಿಯ ಧೂಳು ಕೂರಿಸಲು. ಮಾಸ್ಕೋ ಮಿಲ್ಸ್ ಎಂಬಲ್ಲಿಯ ಲಾಯದಲ್ಲಿ ಕೆಲವೇ ದಿನಗಳಲ್ಲಿ ತೊಲೆಗಳ ಮೇಲಿನ ಗುಬ್ಬಚ್ಚಿಗಳು ಸತ್ತು ಉದುರಿದವು. ಆಮೇಲೆ ಬೆಕ್ಕು, ನಾಯಿ. ಆಮೇಲೆ ಕುದುರೆಗಳು, ಒಂದಾದ ಮೇಲೊಂದು, ಹತ್ತಾರು. ಲಾಯದ ಒಡತಿ ಜೂಡಿ ಪಿಯಾಟ್ ಸುಮ್ಮನೆ ಕೂರಲಿಲ್ಲ. ಬ್ಲಿಸ್‌ನ ಟ್ಯಾಂಕರುಗಳ ಬೆನ್ನು ಹತ್ತಿ, ಅವು ಎಲ್ಲೆಲ್ಲಿ ಏನು ಚೆಲ್ಲುತ್ತವೆಂದು ತಿಂಗಳುಗಟ್ಟಲೆ ಬರೆದಿಟ್ಟುಕೊಂಡು ಅಧಿಕಾರಿಗಳಿಗೆ ಪಟ್ಟಿ ಕಳಿಸಿದಳು. ವಿಷ ಡಯಾಕ್ಸಿನ್ ಎಂದು ಕೇಂದ್ರದ ರೋಗ ನಿಯಂತ್ರಣ ಸಂಸ್ಥೆ 1974ರಲ್ಲಿ ಕಂಡುಹಿಡಿಯಿತು. ತನಗೆ ಏನೂ ಗೊತ್ತಿರಲಿಲ್ಲ ಎಂದೇ ಬ್ಲಿಸ್ ಹೇಳುತ್ತ ಬಂದ.

ಟೈಮ್ಸ್ ಬೀಚಿನವರಿಗೆ ವಿಷಯ ತಿಳಿದದ್ದು 1982ರ ಕೊನೆಗೆ, ಕಾರಣ ಗೊತ್ತಾಗಿ ಎಂಟು ವರ್ಷಗಳಾದ ಮೇಲೆ. ಈ ಕತೆಯಲ್ಲಿ ನನಗೆ ಅತ್ಯಂತ ನೋವಿನದು ಇದೇ. ಡಿಸೆಂಬರಿನ ಆರಂಭದಲ್ಲಿ ಅಧಿಕಾರಿಗಳು ಮಣ್ಣಿನ ಮಾದರಿ ತೆಗೆದುಕೊಂಡು ಹೋದರು. ಅದರ ಬೆನ್ನಲ್ಲೇ ಮೆರಮೆಕ್ ಹಿಂದೆಂದೂ ಕಾಣದಷ್ಟು ಉಕ್ಕಿ ಊರನ್ನೇ ಮುಳುಗಿಸಿತು. ಜನ ನೀರಿಳಿದ ಮನೆಗಳ ಕೆಸರು ಬಳಿಯುತ್ತಿರುವಾಗ, ಕ್ರಿಸ್ಮಸ್‌ಗೆ ಎರಡು ದಿನವಿದೆ ಎನ್ನುವಾಗ ಸಂದೇಶ ಬಂತು: ಹೊರಗಿರುವವರು ಮರಳಬೇಡಿ, ಒಳಗಿರುವವರು ಏನನ್ನೂ ತೆಗೆದುಕೊಳ್ಳದೆ ಹೊರಡಿ. 1983ರ ಫೆಬ್ರವರಿಯಲ್ಲಿ ಸರ್ಕಾರ ಇಡೀ ಊರನ್ನೇ ಕೊಂಡುಕೊಳ್ಳುವುದಾಗಿ ಘೋಷಿಸಿತು. ಎಂಟುನೂರರಷ್ಟು ಮನೆ, ಮೂವತ್ತರಷ್ಟು ಅಂಗಡಿ. ಟೈಮ್ಸ್ ಬೀಚಿನವರು ಎಂದು ತಿಳಿದರೆ ಅಕ್ಕಪಕ್ಕದ ಊರಿನವರು ದೂರ ಸರಿಯುತ್ತಿದ್ದರಂತೆ.

1985ರಲ್ಲಿ ಗವರ್ನರ್ ಆದೇಶದಿಂದ ಊರು ದಾಖಲೆಯಲ್ಲೂ ಇಲ್ಲವಾಯಿತು. ಅದೇ 1985ರ ಜೂನ್ ತಿಂಗಳಲ್ಲಿ 66ನೇ ಹೆದ್ದಾರಿಯೂ ಅಧಿಕೃತ ಪಟ್ಟಿಯಿಂದ ಹೊರಬಿತ್ತು. ಅಂತರರಾಜ್ಯ ಹೆದ್ದಾರಿಗಳು ಅದರ ಕೆಲಸವನ್ನೆಲ್ಲ ಕಿತ್ತುಕೊಂಡಾಗಿತ್ತು. ರಸ್ತೆಯೂ ಅದರ ಪಕ್ಕದ ಊರೂ ಒಂದೇ ವರ್ಷ ತೀರಿಕೊಂಡವು.

1996–97ರಲ್ಲಿ ಅಲ್ಲೇ ದೊಡ್ಡ ಭಟ್ಟಿ ಕಟ್ಟಿ, ರಾಜ್ಯದ ಇಪ್ಪತ್ತಕ್ಕೂ ಹೆಚ್ಚು ಕಡೆಗಳಿಂದ ವಿಷದ ಮಣ್ಣು ತಂದು ಸುಟ್ಟರು. ಒಟ್ಟು 2,65,000 ಟನ್. ಸುಡುವ ಹೊಗೆ ಇನ್ನೊಂದು ಅಪಾಯವೆಂದು ಸುತ್ತಲಿನ ಜನ ವಿರೋಧಿಸಿದ್ದೂ ಉಂಟು. ಊರು ಬಿಡಿಸಲು ಶಿಫಾರಸು ಮಾಡಿದ್ದ ಅಧಿಕಾರಿ ವರ್ನನ್ ಹೌಕ್, ಅಷ್ಟು ಬೇಕಿರಲಿಲ್ಲವೇನೋ ಎಂದು 1991ರಲ್ಲಿ ಹೇಳಿದ್ದೂ ಉಂಟು. ನಾನು ಅದನ್ನು ಒಪ್ಪಲಾರೆ. ಬೀದಿಯಲ್ಲಿ ಏನಿದೆಯೆಂದು ಖಚಿತವಾಗಿ ಹೇಳಲಾಗದ ಊರಿನಲ್ಲಿ ಮಕ್ಕಳನ್ನು ಆಡಿಕೊಂಡಿರಿ ಎನ್ನಲು ಯಾರಿಗೆ ಧೈರ್ಯ ಬರುತ್ತದೆ?

1999ರಲ್ಲಿ ಪಾರ್ಕು ತೆರೆಯಿತು. ಶುದ್ಧೀಕರಣದ ಕಾಲದಲ್ಲಿ ಅಧಿಕಾರಿಗಳು ಕಚೇರಿ ಮಾಡಿಕೊಂಡಿದ್ದ ಬ್ರಿಜ್‌ಹೆಡ್ ಇನ್ ಸಂದರ್ಶಕರ ಕೇಂದ್ರವಾಯಿತು. 2012ರಲ್ಲಿ ಮತ್ತೆ ಮಣ್ಣು ಪರೀಕ್ಷಿಸಿ, ಬಂದುಹೋಗುವವರಿಗೆ ಅಪಾಯವಿಲ್ಲವೆಂದು ಖಾತ್ರಿಪಡಿಸಿಕೊಂಡಿದ್ದಾರೆ.

ಕೇಂದ್ರದಿಂದ ಆಚೆ ದಡಕ್ಕೆ ಸೇತುವೆಯ ಮೇಲೆ ಹೋಗುವಂತಿಲ್ಲ. 1932ರ ಆ ಸೇತುವೆಯನ್ನು 2009ರಲ್ಲಿ ಮುಚ್ಚಿ, ಮೇಲಿನ ಹಾಸನ್ನು ಕಿತ್ತುಹಾಕಿದ್ದಾರೆ. ಭಾರ ಹೊರುತ್ತಿದ್ದ ಉಕ್ಕಿನ ಚೌಕಟ್ಟು ಈಗ ಬರಿದಾಗಿ ಕಾಣುತ್ತದೆ. ಎಂಜಿನಿಯರಾದವನಿಗೆ ಅದು ಪಾಠವಿದ್ದ ಹಾಗೆ: ಓರೆ ತೊಲೆಗಳು ತ್ರಿಕೋನ ತ್ರಿಕೋನವಾಗಿ ಹೆಣೆದುಕೊಂಡು ಕಂಬದಿಂದ ಕಂಬಕ್ಕೆ ಭಾರ ದಾಟಿಸುವ ಬಗೆ, ಹಾಸು ಇದ್ದಾಗ ಯಾರಿಗೂ ಕಾಣದ್ದು, ಕಣ್ಣೆದುರೇ ಇದೆ. ತುಕ್ಕು ಹಿಡಿದಿದೆ, ಆದರೂ ಗೆರೆ ತಪ್ಪಿಲ್ಲ. ಮತ್ತೆ ಕಾರು ಹತ್ತಿ, 44ನೇ ಹೆದ್ದಾರಿಯಲ್ಲಿ ನದಿ ದಾಟಿ ಸುತ್ತಿಬರಬೇಕು.

ಆಚೆ ಈಗ ಮರಗಳು, ಸೈಕಲ್ ತುಳಿಯುವವರು, ಹಕ್ಕಿ ನೋಡುವವರು, ಕುದುರೆ ಸವಾರರು. ಹಳೆಯ ಬೀದಿಗಳೇ ನಡೆಯುವ ದಾರಿಗಳು. ನಡುವೆ ಹುಲ್ಲು ಬೆಳೆದ ಒಂದು ಉದ್ದನೆಯ ದಿಬ್ಬ. ಇಳಿಜಾರು ಒಂದೇ ಸಮ ಇರುವುದನ್ನು ಕಂಡ ಕೂಡಲೇ ಇದು ಮನುಷ್ಯರು ಹಾಕಿದ ಮಣ್ಣೆಂದು ನನಗೆ ಗೊತ್ತಾಯಿತು. ಕೆಡವಿದ ಊರು ಅದರಡಿಯಲ್ಲಿದೆ. ಗೋಡೆ, ಬಾಗಿಲು, ಮಂಚ, ಬಿಟ್ಟುಹೋದ ಪಾತ್ರೆಪಗಡ. “ಅಮ್ಮ ಆಗಿದ್ದಿದ್ರೆ ದೇವರ ಪೆಟ್ಟಿಗೆ ಬಿಟ್ಟು ಬರ್ತಾನೇ ಇರಲಿಲ್ಲ,” ಎಂದಳು ಮಗಳು. ನಾನು ಮಾತಾಡಲಿಲ್ಲ.

ನನ್ನ ಅಭಿಪ್ರಾಯ ಇಷ್ಟು: ಈ ಪಾರ್ಕಿನ ಹೆಸರಿನಲ್ಲಿ ರಸ್ತೆಯಷ್ಟೇ ಊರಿಗೂ ಜಾಗ ಇರಬೇಕಿತ್ತು. ನಾಮಫಲಕ, ಪೆಟ್ರೋಲ್ ಬಂಕು ಈ ಹೆದ್ದಾರಿಯ ಉದ್ದಕ್ಕೂ ಬೇಕಾದಷ್ಟು ಕಡೆ ನೋಡಲು ಸಿಗುತ್ತವೆ. ರಸ್ತೆಯ ಪಕ್ಕದ ಬಡವರ ಬೀದಿಗೆ ಡಾಂಬರು ಸಿಗದೆ ಹೋದದ್ದರ ಬೆಲೆ ಎಷ್ಟೆಂದು ತೋರಿಸುವ ಜಾಗ ಇದು.

ಸೇಂಟ್ ಲೂಯಿಸ್‌ಗೆ ಮಕ್ಕಳ ಮನೆಗೆ ಹೋಗುವ ನಮ್ಮವರು ಅಲ್ಲಿಯ ದೊಡ್ಡ ಉಕ್ಕಿನ ಕಮಾನು ನೋಡಿಯೇ ಬರುತ್ತಾರೆ. ಒಂದು ಬೆಳಗು ಇದಕ್ಕೂ ಇಟ್ಟುಕೊಳ್ಳಿ. ಕೇಂದ್ರ ನೋಡಿ ಹಿಂದಿರುಗಿಬಿಡಬೇಡಿ, ಆಚೆ ದಡಕ್ಕೂ ಹೋಗಿ ದಿಬ್ಬವನ್ನು ಒಂದು ಸುತ್ತು ಹಾಕಿ. ಪ್ರವೇಶ ಶುಲ್ಕವಿಲ್ಲ.