ತೊಟ್ಟಿಯ ಕೆಳಗಿನ ತೊಟ್ಟಿ

ಕರಾವಳಿಯ ಶಾಲೆಯೊಂದರಲ್ಲಿ ನಾನು ಅಧ್ಯಾಪಕನಾಗಿದ್ದಾಗ, ಏಳನೆಯ ತರಗತಿಯ ಮಕ್ಕಳು ಬಂಡೆಗಳ ಸಂದಿಯಿಂದ ನಾಲ್ಕು ಪುಟ್ಟ ಮೀನುಗಳನ್ನು ಹಿಡಿದು ಗಾಜಿನ ಭರಣಿಯಲ್ಲಿ ತಂದಿದ್ದರು. ಮರುದಿನ ಬೆಳಿಗ್ಗೆ ನಾಲ್ಕೂ ಸತ್ತು ತೇಲುತ್ತಿದ್ದವು. "ಸಮುದ್ರದ ನೀರನ್ನೇ ತಂದಿದ್ದೆವಲ್ಲ ಸರ್, ಮತ್ತೆ ಯಾಕೆ ಸತ್ತವು?" ಎಂದು ಹುಡುಗಿಯೊಬ್ಬಳು ಕೇಳಿದಳು. "ಜಾಗ ಸಾಲಲಿಲ್ಲ" ಎಂದು ಹೇಳಿ ಪಾಠ ಮುಂದುವರಿಸಿದೆ.

ಆ ಉತ್ತರ ಅರ್ಧ ಮಾತ್ರ ಸರಿಯೆಂದು ನನಗೆ ಮನವರಿಕೆಯಾದದ್ದು ಇತ್ತೀಚೆಗೆ, ಬೆಂಗಳೂರಿನಲ್ಲಿ ಮೊಮ್ಮಗ ತನ್ನ ಉಪ್ಪುನೀರಿನ ಅಕ್ವೇರಿಯಂಗೆ ಕೈಯಾರೆ 'ಸಂಪ್' ಕಟ್ಟಿದಾಗ. ಸಂಪ್ ಎಂದರೆ ನಮಗೆ ಅಂಗಳದ ನೆಲದಡಿಯ ನೀರಿನ ತೊಟ್ಟಿ. ಇದೂ ಹೆಚ್ಚುಕಡಿಮೆ ಅದೇ. ಹಳೆಯ ಗಾಜಿನ ತೊಟ್ಟಿಯೊಂದರಲ್ಲಿ ಅಡ್ಡಗಾಜುಗಳನ್ನು ಸಿಲಿಕೋನ್‌ನಿಂದ ಅಂಟಿಸಿ ಅವನು ಮೂರು ಕೋಣೆ ಮಾಡಿದ. ಮೇಲಿನ ತೊಟ್ಟಿಯಿಂದ ತುಳುಕಿದ ನೀರು ಕೊಳವೆಯ ಮೂಲಕ ಕೆಳಗಿಳಿದು, ಸೋಸಿ, ಗಾಳಿ ಬೆರೆತು, ಪಂಪಿನಿಂದ ಮತ್ತೆ ಮೇಲೇರುತ್ತದೆ. ಮೊದಲ ದಿನ ಕರೆಂಟು ಹೋದಾಗ ಮೇಲಿನ ನೀರು ಕೆಳಗಿಳಿದು, ಸಂಪು ಉಕ್ಕಿ ನೆಲವೆಲ್ಲ ಒದ್ದೆಯಾಯಿತು. ಹಾಗೆ ಇಳಿಯುವ ನೀರಿಗಾಗಿ ಕೆಳಗೆ ಖಾಲಿ ಜಾಗ ಬಿಟ್ಟಿರಬೇಕೆಂಬ ಪಾಠವನ್ನು ಅವನು ಕಲಿತ.

ಈ ಉಪಾಯದ ಹಿಂದೊಂದು ಇತಿಹಾಸವಿದೆ. 1846ರಲ್ಲಿ ಅನ್ನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕೀ ತೀರದಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದರು. ಅಲ್ಲಿ ಹೊಸ ಸಮುದ್ರನೀರು ಸುಲಭವಾಗಿ ದೊರೆಯದು. ಆದ್ದರಿಂದ ಮನೆಗೆಲಸದವಳು ದಿನವೂ ತೆರೆದ ಕಿಟಕಿಯ ಮುಂದೆ ನಿಂತು, ಅರ್ಧ ಮುಕ್ಕಾಲು ಗಂಟೆ ಅದೇ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ಹವಳಗಳು ಬದುಕಿದವು. ನಾನು ಓದಿದ ಬರಹಗಳಲ್ಲಿ ಅವಳ ಹೆಸರಿಲ್ಲ; ಆದರೆ ಆ ಮನೆಯ ಪಂಪು ಅವಳ ತೋಳುಗಳೇ ಆಗಿದ್ದವು.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ 'ದಿ ಅಕ್ವೇರಿಯಂ' ಪುಸ್ತಕ ಈ ಹವ್ಯಾಸವನ್ನು ಮನೆಮನೆಗೆ ಹಬ್ಬಿಸಿತು. ಮುಂದಿನ ಹೆಜ್ಜೆಯನ್ನಿಟ್ಟವನು ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ತೆರೆದ ಅಕ್ವೇರಿಯಂನಲ್ಲಿ ಅವನು ಪ್ರದರ್ಶನದ ತೊಟ್ಟಿಗಳ ಕೆಳಗೆ, ಅವುಗಳಿಗಿಂತ ಹಲವು ಪಟ್ಟು ನೀರು ಹಿಡಿಯುವ ಕತ್ತಲೆಯ ಜಲಾಶಯವನ್ನು ಕಟ್ಟಿಸಿದ. ಉಗಿಯಂತ್ರದಿಂದ ನಡೆಯುವ ಪಂಪುಗಳು ನೀರನ್ನು ಮೇಲೆತ್ತುತ್ತಿದ್ದವು. ಕತ್ತಲೆಯಲ್ಲಿ ಪಾಚಿ ಬೆಳೆಯದು, ನೀರು ತಂಪಾಗಿರುತ್ತದೆ, ನೀರಿನ ಪ್ರಮಾಣ ಹೆಚ್ಚಿದಷ್ಟೂ ಕೊಳೆ ತೆಳುವಾಗುತ್ತದೆ. ಮೊಮ್ಮಗನ ಸಂಪು ಅದರದೇ ಪುಟ್ಟ ವಂಶಜ.

ನೋಡುವವರ ಕಣ್ಣಿಗೆ ಬೀಳುವುದು ಮೇಲಿನ ಮೀನುಗಳು ಮಾತ್ರ. ಅವುಗಳನ್ನು ಬದುಕಿಸುವುದು ಕೆಳಗಿನ ತೊಟ್ಟಿ. ಅಂದು ಪ್ರಶ್ನೆ ಕೇಳಿದವಳು ಇದನ್ನು ಓದುತ್ತಿದ್ದರೆ, ಅಷ್ಟು ವರ್ಷ ತಡವಾದ ಉತ್ತರ ಇಲ್ಲಿದೆ, ಮಗಳೇ: ನೀರು ಸಮುದ್ರದ್ದೇ ಆಗಿತ್ತು, ಆದರೆ ಅದು ನಿಂತುಹೋಗಿತ್ತು. ಉಸಿರಾಡಲು ಆಮ್ಲಜನಕ ಸಾಲಲಿಲ್ಲ. ಮೀನುಗಳೇ ವಿಸರ್ಜಿಸಿದ ಅಮೋನಿಯವನ್ನು ಕಳೆಯಲು ದಾರಿಯಿರಲಿಲ್ಲ. ನಿನ್ನ ಪ್ರಶ್ನೆ ಸರಿಯಾಗಿಯೇ ಇತ್ತು. ಅದನ್ನು ಅಂದೇ ಹುಡುಕಿ ಹೇಳಬೇಕಾಗಿದ್ದವನು ನಾನು.