ಹುದ್ದೆ ಹೋಯ್ತು, ಚಾಕರಿ ಉಳೀತು: ಗ್ರಾಮ ಹುದ್ದೆಗಳ ರದ್ದತಿಯನ್ನು ಕೇರಿಯಿಂದ ಓದುವುದು

ನಮ್ಮ ತಾತ ಊರ ತೋಟಿ. ಏನು ನಿನ್ನ ಕೆಲಸ ಅಂತ ಕೇಳಿದರೆ ‘ಕರೆದಾಗ ಹೋಗೋದು’ ಅಂತಿದ್ದ, ಅಷ್ಟೆ. ಕಂದಾಯ ಬಾಕಿ ಉಳಿಸಿಕೊಂಡವರನ್ನು ಚಾವಡಿಗೆ ಕರೆತರೋದು, ತಮಟೆ ಬಡಿದು ಸರ್ಕಾರದ ಹುಕುಂ ಸಾರೋದು, ಸರ್ವೆಯವರು ಬಂದರೆ ಸರಪಳಿ ಹಿಡಿದು ಗಡಿಕಲ್ಲು ತೋರಿಸೋದು, ಶಾನುಭೋಗರ ಕಡತ ಹೊತ್ತು ತಾಲ್ಲೂಕು ಕಚೇರಿಗೆ ನಡೆಯೋದು. ಇವೆಲ್ಲ ಸರ್ಕಾರದ ಕೆಲಸ. ಸತ್ತ ದನ ಎಳೆಯೋದು, ಸಾವಿನ ಸುದ್ದಿ ಒಯ್ಯೋದು ಊರಿನ ಕೆಲಸ. ಎಲ್ಲಿಗೆ ಸರ್ಕಾರ ಮುಗಿಯಿತು, ಎಲ್ಲಿಂದ ಊರು ಶುರುವಾಯಿತು ಅನ್ನೋದು ಅವನಿಗೂ ಗೊತ್ತಿರಲಿಲ್ಲ, ಕರೆಯುವವರಿಗೂ ಬೇಕಿರಲಿಲ್ಲ. ಇದಕ್ಕೆಲ್ಲ ಕೂಲಿ ಅಂದರೆ ಸುಗ್ಗಿಯಲ್ಲಿ ಕಣದ ಆಯ, ಜೊತೆಗೆ ಒಂದು ತುಂಡು ತೋಟಿ ಇನಾಮು ಹೊಲ.

1963ರ ಫೆಬ್ರವರಿ 1ರಂದು ತೋಟಿತನ ಕಾನೂನಿನ ಪ್ರಕಾರ ಇಲ್ಲವಾಯಿತು. ಅದಾದ ಮೇಲೂ ಎಷ್ಟೋ ವರ್ಷ ತಾತ ತಮಟೆ ಬಡಿದ. ‘ತೋಟಿತನ ಹೋಯ್ತು ಅಂತ ಕಾಯ್ದೆ ಬಂತಲ್ಲ ತಾತ?’ ಅಂದರೆ, ‘ಬಂತು ಕಣ್ಮಗ, ನಾನೇ ಸಾರಿದ್ನಲ್ಲ’ ಅನ್ನೋನು.

ಈ ಮಾತನ್ನು ನಾನು ಬಹಳ ಕಾಲ ತಮಾಷೆ ಅಂದುಕೊಂಡಿದ್ದೆ. ಈಗ ಅದು ಒಂದು ಕಾಯ್ದೆಯ ಪೂರ್ತಿ ಇತಿಹಾಸ ಅನ್ನಿಸುತ್ತಿದೆ. 1961ರ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಪಟೇಲ, ಶಾನುಭೋಗ, ತಳವಾರ, ನೀರಗಂಟಿ, ತೋಟಿ ಎಲ್ಲರನ್ನೂ ಒಂದೇ ಗೆರೆಯಲ್ಲಿ ಅಳಿಸಿತು. ನಮ್ಮ ಇತಿಹಾಸಕಾರರು ಇದನ್ನು ಊರಿನ ಊಳಿಗಮಾನ್ಯಕ್ಕೆ ಬಿದ್ದ ಪೆಟ್ಟು ಅಂತಾರೆ. ಪೆಟ್ಟು ನಿಜ. ಆದರೆ ಅಧಿಕಾರವನ್ನೂ ಬಿಟ್ಟಿ ಚಾಕರಿಯನ್ನೂ ಒಂದೇ ‘ಹುದ್ದೆ’ ಅಂತ ಕರೆದು ಅಳಿಸಿದರೆ ಯಾರದ್ದು ಅಳಿಯುತ್ತದೆ, ಯಾರದ್ದು ಉಳಿಯುತ್ತದೆ? ಈ ಪ್ರಶ್ನೆಯನ್ನು ಕೇರಿಯಿಂದಲೇ ಕೇಳಬೇಕು.

ಹಿಂದಿನದನ್ನು ಸ್ವಲ್ಪ ನೋಡೋಣ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ಬ್ರಿಟಿಷರು ಹುಟ್ಟಿಸಲಿಲ್ಲ, ಆದರೆ ಕಾನೂನಿನ ಮೊಳೆ ಹೊಡೆದು ಕೂರಿಸಿದವರು ಅವರೇ. ಮುಂಬಯಿ ಪ್ರಾಂತ್ಯಕ್ಕೆ 1874ರ ಕಾಯ್ದೆ, ಮದ್ರಾಸಿಗೆ 1895ರದ್ದು, ಮೈಸೂರು ಸಂಸ್ಥಾನಕ್ಕೆ 1908ರದ್ದು. ಇದರ ಒಳಸುಳಿಯನ್ನು ಎಲ್ಲರಿಗಿಂತ ಮೊದಲು ಬಿಚ್ಚಿಟ್ಟವರು ಬಾಬಾಸಾಹೇಬರು. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಅವರು 1874ರ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ವತನಿನ ಹೆಸರಲ್ಲಿ ಮಹಾರನ ಮನೆಮಂದಿಯೆಲ್ಲ ಹಗಲಿರುಳು ದುಡಿಯಬೇಕು, ಸರ್ಕಾರ ಕೆಲಸ ಮಾಡಿಸಿಕೊಂಡು ಕೂಲಿಯನ್ನು ಮಾತ್ರ ರೈತರ ಬಲೂತಿಗೆ ಬಿಡುತ್ತದೆ, ಇದರಿಂದ ಅವನು ಸರ್ಕಾರಕ್ಕೂ ಊರಿಗೂ ಒಟ್ಟಿಗೇ ಜೀತಗಾರ ಅನ್ನುವುದು ಅವರ ವಾದದ ತಿರುಳು. ಮಸೂದೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. 1937ರಲ್ಲಿ ಮತ್ತೆ ತಂದರು. ಆಗ ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳೂ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಅಂದರೆ ಇದು ನಮ್ಮ ನೆಲದ ಇತಿಹಾಸವೂ ಹೌದು.

ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಸರ್ಕಾರ 1950ರ ಕಾಯ್ದೆಯಿಂದ ಪರಗಣ ಮತ್ತು ಕುಲಕರ್ಣಿ ವತನುಗಳನ್ನು ತೆಗೆಯಿತು. ‘ಕೆಳದರ್ಜೆ’ ವತನುಗಳನ್ನು ತೆಗೆಯುವ ಕಾಯ್ದೆ ಅಲ್ಲಿ ಬಂದದ್ದು 1958ರಲ್ಲಿ. ಅಷ್ಟು ಹೊತ್ತಿಗೆ ಬಾಬಾಸಾಹೇಬರು ತೀರಿಕೊಂಡು ಎರಡು ವರ್ಷ. ನಮ್ಮ ಉತ್ತರದ ಜಿಲ್ಲೆಗಳು 1956ರಲ್ಲೇ ಮೈಸೂರಿಗೆ ಸೇರಿದ್ದರಿಂದ ಅಲ್ಲಿನ ಕೇರಿಗಳು ಇನ್ನೂ ಕಾಯಬೇಕಾಯಿತು.

1960ರಲ್ಲಿ ಸುಪ್ರೀಂ ಕೋರ್ಟು ಗಾಜುಲ ದಶರಥರಾಮರಾವ್ ಪ್ರಕರಣದಲ್ಲಿ ಒಂದು ದೊಡ್ಡ ಮಾತು ಹೇಳಿತು. ಗ್ರಾಮ ಹುದ್ದೆಯೂ ಸರ್ಕಾರಿ ಉದ್ಯೋಗವೇ, ಅದನ್ನು ವಂಶದ ಆಧಾರದ ಮೇಲೆ ಕೊಡುವುದು ಸಂವಿಧಾನದ 16ನೇ ವಿಧಿಗೆ ವಿರುದ್ಧ ಅಂತ. ಗಮನಿಸಿ, ಕೋರ್ಟಿನ ಮುಂದೆ ಬಂದದ್ದು ಗ್ರಾಮ ಮುನ್ಸೀಫನ ಹುದ್ದೆ. ಎಲ್ಲರೂ ಬಯಸುವ ಹುದ್ದೆ. ಯಾರೂ ಬಯಸದ, ಹುಟ್ಟಿದ ತಪ್ಪಿಗೆ ಹೆಗಲಿಗೆ ಬೀಳುವ ತೋಟಿತನದ ಕತೆಯೂ ಅದೇ ವಿಧಿಗೆ ಸೇರಿದ್ದು. ಒಬ್ಬನಿಗೆ ವಂಶ ಬಾಗಿಲು ಮುಚ್ಚುತ್ತದೆ, ಇನ್ನೊಬ್ಬನನ್ನು ಕಟ್ಟಿಹಾಕುತ್ತದೆ.

ಮರುವರ್ಷ ಮೈಸೂರಿನ ಕಾಯ್ದೆ ಬಂತು. ವಂಶಪಾರಂಪರ್ಯ ಗ್ರಾಮಾಧಿಕಾರಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ 1966ರಲ್ಲಿ ಸೋತರು. ಇಷ್ಟು ಪುಸ್ತಕಗಳಲ್ಲಿ ಸಿಗುತ್ತದೆ. ಪುಸ್ತಕದಲ್ಲಿ ಇಲ್ಲದ್ದು ಮುಂದಿನದು. ಶಾನುಭೋಗರ ಹುದ್ದೆ ಹೋಯಿತೇ ಹೊರತು ಅವರ ಕೆಲಸಕ್ಕೆ ಹೊಸ ಮನೆ ಸಿಕ್ಕಿತು. ಗ್ರಾಮ ಲೆಕ್ಕಿಗ ಅನ್ನುವ ಸರ್ಕಾರಿ ನೌಕರಿ ಹುಟ್ಟಿತು. ಅದಕ್ಕೆ ವಿದ್ಯಾರ್ಹತೆ, ಸಂಬಳ, ಪಿಂಚಣಿ, ಮೀಸಲಾತಿ ಎಲ್ಲ ಬಂತು. ನಮ್ಮ ಹುಡುಗರೂ ಅದರಲ್ಲಿ ಗ್ರಾಮ ಲೆಕ್ಕಿಗರಾದರು. ಆ ಗೆಲುವನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಕಡತ ಹೊರುವ, ಡಂಗುರ ಸಾರುವ, ಗಡಿಕಲ್ಲು ತೋರಿಸುವ ಕೆಲಸ ಎಲ್ಲಿ ಹೋಯಿತು? ಎಲ್ಲೂ ಹೋಗಲಿಲ್ಲ. ಕೆಲಸ ಇತ್ತು, ಹುದ್ದೆ ಇರಲಿಲ್ಲ. ಮುಂದೆ ಅದಕ್ಕೆ ಗ್ರಾಮ ಸಹಾಯಕ ಅಂತ ಹೆಸರು ಬಂತು, ಸಂಬಳದ ಬದಲು ‘ಗೌರವಧನ’ ಬಂತು. ಡಿ ದರ್ಜೆ ನೌಕರರೆಂದು ಪರಿಗಣಿಸಿ ಅಂತ ಇವರು ಹೋರಾಡುತ್ತಲೇ ಬಂದಿದ್ದಾರೆ. ಸಂಬಳ ಕೇಳಿ ಪಡೆಯುವ ಹಕ್ಕು, ಗೌರವಧನ ಕೊಟ್ಟಾಗ ಕೈಯೊಡ್ಡುವ ದಯೆ. ಕಣದಲ್ಲಿ ಮೊರದಿಂದ ಸುರಿಯುತ್ತಿದ್ದ ಆಯಕ್ಕೆ ಸರ್ಕಾರ ಕೊಟ್ಟ ಹೊಸ ಹೆಸರು ಇದು. ಗ್ರಾಮ ಲೆಕ್ಕಿಗರು ಈಗ ‘ಗ್ರಾಮ ಆಡಳಿತ ಅಧಿಕಾರಿ’ ಆಗಿದ್ದಾರೆ. ಸಹಾಯಕ ಸಹಾಯಕನಾಗಿಯೇ ಇದ್ದಾನೆ.

ಇನ್ನು ಹೊಲದ ಮಾತು. ಕಾಯ್ದೆ ಇನಾಮು ಜಮೀನನ್ನೆಲ್ಲ ಸರ್ಕಾರಕ್ಕೆ ತೆಗೆದುಕೊಂಡು, ನಿಗದಿಯಾದ ಹಣ ಕಟ್ಟಿದರೆ ಹಳೆಯ ಹುದ್ದೆದಾರರಿಗೇ ಮರುಮಂಜೂರು ಮಾಡುವುದಾಗಿ ಹೇಳಿತು. ಓದುಬರಹ ಗೊತ್ತಿದ್ದ ಮನೆಯವರು ಅರ್ಜಿ ಹಾಕಿ ಖಾತೆ ಮಾಡಿಸಿಕೊಂಡರು. ತೋಟಿಯ ಮನೆಯಲ್ಲಿ ಹಣ ಕಟ್ಟಲು ಸಾಲ, ಸಾಲ ತೀರಿಸಲು ಅದೇ ಹೊಲ. 1978ರ ತಿದ್ದುಪಡಿ ಮರುಮಂಜೂರಾದ ಜಮೀನನ್ನು 15 ವರ್ಷ ಪರಭಾರೆ ಮಾಡಬಾರದು ಅಂದಿತು. ಪಟೇಲರ ನೂರು ಎಕರೆಗೂ ತೋಟಿಯ ತುಂಡಿಗೂ ಒಂದೇ ಬೇಲಿ, ಒಂದೇ ಅವಧಿ.

ಅದೇ 1978ರಲ್ಲಿ ದೇವರಾಜ ಅರಸು ಸರ್ಕಾರ ನಾವು ಪಿಟಿಸಿಎಲ್ ಅಂತ ಕರೆಯುವ ಕಾಯ್ದೆ ತಂದಿತು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಕೈತಪ್ಪಿದ್ದರೆ ವಾಪಸು ಕೊಡಿಸುವ ಕಾಯ್ದೆ. ದಲಿತ ಚಳವಳಿಯ ಕೈಗೆ ಸಿಕ್ಕ ದೊಡ್ಡ ಆಯುಧ. ಆದರೆ ಅದರ ‘ಮಂಜೂರಾದ ಜಮೀನು’ ಅನ್ನುವ ವ್ಯಾಖ್ಯೆಯನ್ನು ನಿಧಾನವಾಗಿ ಓದಿ. ಭೂಸುಧಾರಣೆ, ಇನಾಮು ರದ್ದತಿ ಕಾನೂನುಗಳಡಿ ಬಂದ ಜಮೀನು ಸೇರುತ್ತದೆ, ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ್ದನ್ನು ಬಿಟ್ಟು! ಇಡೀ ಊರಲ್ಲಿ ಕೇರಿಗೆ ತಲೆತಲಾಂತರದಿಂದ ಇದ್ದ ಒಂದೇ ನೆಲ ತೋಟಿ ಇನಾಮು. ಅದನ್ನೇ ಹೊರಗಿಟ್ಟರು. 2023ರ ತಿದ್ದುಪಡಿ ಅರ್ಜಿ ಹಾಕುವ ಕಾಲಮಿತಿಯ ತೊಡಕನ್ನು ಬಿಡಿಸಿತು. ಅದಕ್ಕಾಗಿ ಬೀದಿಯಲ್ಲಿ ಕೂತ ಸಂಗಾತಿಗಳಿಗೆ ಶರಣು. ಈ ವ್ಯಾಖ್ಯೆಯ ಸಾಲು ಮಾತ್ರ ಹಾಗೇ ಇದೆ.

‘ಪಂಚಾಯ್ತಿ ಬಂತಲ್ಲ, ಕುರ್ಚಿ ಸಿಕ್ಕಿತಲ್ಲ’ ಅಂತ ಕೇಳುವವರುಂಟು. 1959ರ ಕಾಯ್ದೆ, 1983ರ ಕಾಯ್ದೆ, 1987ರ ಚುನಾವಣೆ, 1993ರ ಪಂಚಾಯತ್ ರಾಜ್ ಕಾಯ್ದೆ, ಇವೆಲ್ಲ ನಿಜಕ್ಕೂ ಬಾಗಿಲು ತೆರೆದವು. ಕೇರಿಯ ಹೆಣ್ಣುಮಗಳು ಅಧ್ಯಕ್ಷೆಯಾದದ್ದು ಸಣ್ಣ ಮಾತಲ್ಲ. ಆದರೆ ಹಳೆಯ ಊರನ್ನು ಆಳಿದ್ದು ಕುರ್ಚಿಯಲ್ಲ, ಕಡತ. ಯಾರ ಹೊಲ ಎಷ್ಟು, ಗಡಿ ಎಲ್ಲಿ, ಪಹಣಿ ಯಾರ ಹೆಸರಿಗೆ ಅನ್ನುವ ಕಡತ. ಶಾನುಭೋಗರ ಮನೆಯಿಂದ ಹೊರಟ ಅದು ಪಂಚಾಯ್ತಿಗೆ ಬರಲಿಲ್ಲ, ಕಂದಾಯ ಇಲಾಖೆಗೆ ಹೋಯಿತು. ಕುರ್ಚಿ ಒಂದು ಕಡೆ, ಕಡತ ಇನ್ನೊಂದು ಕಡೆ. ತಮಟೆ ಮಾತ್ರ ಹಳೆಯ ಕೈಯಲ್ಲೇ.

ನಮ್ಮ ಸಾಹಿತ್ಯಕ್ಕೂ ಇದರಲ್ಲಿ ಪಾಲಿದೆ. ಶಾನುಭೋಗರ ಮನೆಯ ಕಷ್ಟಕ್ಕೆ 1970ರ ‘ಗೃಹಭಂಗ’ದಂಥ ದೊಡ್ಡ ಕಾದಂಬರಿ ಇದೆ. ಅಲ್ಲಿನ ನಂಜಮ್ಮ ಗಂಡನ ಲೆಕ್ಕದ ಪುಸ್ತಕ ಬರೆಯುವ ಸಂಕಟ ನಮ್ಮ ಕಣ್ಣಲ್ಲೂ ನೀರು ತರಿಸುತ್ತದೆ. ಆ ಲೆಕ್ಕವನ್ನು ಹೊತ್ತು ತಾಲ್ಲೂಕಿಗೆ ನಡೆದವನ ಕಾದಂಬರಿ ಎಲ್ಲಿ? ದಲಿತ ವಿಮರ್ಶೆ ಅಂದರೆ ಕತೆ ಕವಿತೆಗಳನ್ನು ಮಾತ್ರ ಓದುವುದಲ್ಲ. ಕಾಯ್ದೆಯೂ ಒಂದು ಪಠ್ಯ. ಅದರ ವ್ಯಾಖ್ಯೆ, ‘ಬಿಟ್ಟು’ ಅನ್ನುವ ಒಂದು ಪದ, ಒಂದು ಕೇರಿಯ ಹೊಲವನ್ನು ನುಂಗಬಲ್ಲದು.

ಅದಕ್ಕೇ ವಿದ್ಯಾರ್ಥಿ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ತೋಟಿ ಇನಾಮು ಹೊಲದ ಸರ್ವೆ ನಂಬರು ಯಾವುದು ಅಂತ ಮನೆಯ ಹಿರಿಯರನ್ನು ಕೇಳಿ. ತಾಲ್ಲೂಕು ಕಚೇರಿಯಲ್ಲಿ ಹಳೆಯ ಪಹಣಿ ತೆಗೆಸಿ. 1963ರಲ್ಲಿ ಯಾರ ಹೆಸರಿತ್ತು, ಮರುಮಂಜೂರು ಯಾರಿಗಾಯಿತು, ಈಗ ಯಾರ ಹೆಸರಿದೆ, ಬರೆದುಕೊಳ್ಳಿ. ಊರಿಗೆ ಒಂದು ಹಾಳೆ ಸಾಕು. ನಮ್ಮ ತಾತ ಆ ಹುಕುಮನ್ನು ಸಾರಿದ, ಓದಲಿಲ್ಲ. ಅವನಿಗೆ ಅಕ್ಷರ ಇರಲಿಲ್ಲ. ನಮಗೆ ಇದೆ.